ಮಡಚಿದ ಮೂಲೆ

ಹಡಪಸರದ ಗಾಡಿತಳದ ಹಿಂದಿನ ಓಣಿಯಲ್ಲಿ ಮಲಕಪ್ಪನ ಮನೆ ಎಲ್ಲಿ ಎಂದರೆ ಮರಾಠಿ ಮಂದಿಯೂ ಕೈ ಮಾಡಿ ತೋರಿಸುತ್ತಿದ್ದರು. ಮೂವತ್ತು ವರ್ಷ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತನಾಗಿದ್ದು ಬಿಟ್ಟ ಮನುಷ್ಯ. ಜನ ಆತನನ್ನು ಗುರುತಿಟ್ಟುಕೊಂಡಿದ್ದು ಮಾತ್ರ ಬೇರೆ ಕೆಲಸಕ್ಕೆ. ವಿಜಯಪುರ, ಇಂಡಿ, ಜತ್ತ ಕಡೆಯಿಂದ ಬಂದು ಪುಣೆ, ಶಿರೂರು, ಬಾರಾಮತಿಗಳಲ್ಲಿ ಅಂಗಡಿಯೋ ಆಫೀಸೋ ಹಿಡಿದು ಕೂತ ಕನ್ನಡದ ಮನೆಗಳಲ್ಲಿ ಮದುವೆಗೆ ಬಂದ ಹುಡುಗ ಹುಡುಗಿಯರ ವಿವರವೆಲ್ಲ ಆತನ ಆರು ನೋಟುಬುಕ್ಕುಗಳಲ್ಲಿ ಇತ್ತು. ಒಬ್ಬರಿಗೆ ಒಂದು ಹಾಳೆ. ಹೆಸರು, ಮನೆತನ, ಓದು, ಎತ್ತರ, ತಾಯಿಯ ತವರು.

ಪ್ರತಿ ಹಾಳೆಯ ಕೆಳಗಿನ ಬಲಮೂಲೆ ತ್ರಿಕೋನವಾಗಿ ಒಳಕ್ಕೆ ಮಡಚಿರುತ್ತಿತ್ತು. ಮನೆಯ ಹಿರಿಯರು ಎಲ್ಲ ಹೇಳಿ ಮುಗಿಸಿ, ಚಹಾ ಕುಡಿದು, ಚಪ್ಪಲಿ ಮೆಟ್ಟುವಾಗ ದನಿ ತಗ್ಗಿಸಿ ಇನ್ನೊಂದು ಮಾತು ಹೇಳುವರಲ್ಲ, ಅದು ಆ ಮಡಿಕೆಯ ಒಳಗೆ ಇರುತ್ತಿತ್ತು. ಹುಡುಗನಿಗೆ ಮೊದಲೊಂದು ನಿಶ್ಚಯವಾಗಿ ಮುರಿದದ್ದು, ಹುಡುಗಿಯ ಬೆನ್ನ ಮೇಲಿನ ಬಿಳಿ ಮಚ್ಚೆ, ಅಪ್ಪನ ಕುಡಿತ. ನೋಟುಬುಕ್ಕುಗಳು ಎಷ್ಟೋ ಮಂದಿಯ ಕೈಗೆ ಹೋಗಿ ಬಂದಿದ್ದವು. ವರ ಹುಡುಕುವವರು ಪಡಸಾಲೆಯಲ್ಲಿ ಕೂತು ಒಂದೊಂದೇ ಹಾಳೆ ತಿರುವುತ್ತಿದ್ದರು. ಮೂಲೆಗೆ ಅಂಟಿರಲಿಲ್ಲ, ಟಾಚಣಿ ಇರಲಿಲ್ಲ. ಆದರೂ ಅದನ್ನು ಬಿಚ್ಚಿದವರಿಲ್ಲ. ತಿರುವುವಾಗ ಗಾಳಿಗೆ ತೆರೆದುಕೊಂಡೀತೆಂದು ಹೆಬ್ಬೆರಳಿನಿಂದ ಒತ್ತಿ ಹಿಡಿಯುವವರೂ ಇದ್ದರು.

ಎರಡೂ ಮನೆಯವರು ಹೋಗಿ ಬಂದು, ಮನಸ್ಸು ಕೂಡಿ, ಸಕ್ಕರೆ ಶಾಸ್ತ್ರದ ಮಾತು ಬಂದಾಗ ಮಲಕಪ್ಪ ಒಬ್ಬನೇ ಆಚೆ ಮನೆಗೆ ಹೋಗುತ್ತಿದ್ದ. ಮಡಿಕೆಯ ಮಾತನ್ನು ತಾನೇ ಹೇಳುತ್ತಿದ್ದ. ಒಬ್ಬ ಹುಡುಗನಿಗೆ ಎಡಗಿವಿ ಕೇಳುತ್ತಿರಲಿಲ್ಲ. ಬೀಗರಾಗುವವರ ಮನೆಯಲ್ಲಿ ಊಟ ಮಾಡಿ ಎದ್ದು, "ಅಳಿಯನ ಬಲಕ್ಕ ಕೂತು ಮಾತಾಡ್ರಿ, ಆ ಕಡೆ ಛಲೋ ಕೇಳ್ತದ. ಬೈಯೂದು ಇದ್ರ ಎಡಕ್ಕ ಕೂಡ್ರಿ" ಅಂದಿದ್ದ. ಮನೆಯವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಮದುವೆ ಆಯಿತು. ಯಾವ ಮಾತನ್ನು ಯಾವಾಗ, ಊಟಕ್ಕೆ ಮೊದಲೋ ನಂತರವೋ, ಗಂಡಸಿನ ಮುಂದೋ ಹೆಂಗಸಿನ ಮುಂದೋ ಹೇಳಬೇಕು ಎಂಬುದು ಆತನಿಗೆ ಗೊತ್ತಿತ್ತು.

ಹೋದ ಸಂಕ್ರಾಂತಿ ಮುಗಿದ ಮೇಲೆ ಮಲಕಪ್ಪನ ತೀರಿಹೋದ ಅಣ್ಣನ ಮಗಳು ನೀತಾ ಶಿರೂರಿನಿಂದ ಎರಡು ಚೀಲ ಹಿಡಿದುಕೊಂಡು ಬಂದು ಈ ಮನೆಯಲ್ಲಿ ಉಳಿದಳು. ಮೂವತ್ತೆರಡು ವರ್ಷ. ಸೊಲ್ಲಾಪುರಕ್ಕೆ ಕೊಟ್ಟಿದ್ದರು. ನಾಲ್ಕು ವರ್ಷದ ಹಿಂದೆ ಗಂಡನನ್ನು ಬಿಟ್ಟು ಅಣ್ಣ ಮಾಂತುವಿನ ಮನೆಗೆ ವಾಪಸಾಗಿದ್ದಳು. ಮಾಂತುವಿಗೆ ಶಿರೂರಿನಾಚೆ ನಾಲ್ಕೆಕರೆ ಹೊಲ. ಕೆಟ್ಟವನಲ್ಲ. ಆದರೆ ಮನೆಯಲ್ಲಿ ಎರಡೇ ಕೋಣೆ, ಮಕ್ಕಳು ಬೆಳೆಯುತ್ತಿದ್ದರು, ಹೆಂಡತಿ ಪಾತ್ರೆಯನ್ನು ಇಡುವ ಸದ್ದು ದಿನದಿನಕ್ಕೆ ಜೋರಾಗುತ್ತಿತ್ತು. ಇಂಡಿಯಲ್ಲಿ ಅವ್ವಣ್ಣನೆಂಬ ನಾಲ್ವತ್ತೇಳು ವರ್ಷದ ವಿಧುರ, ಪಂಪುಸೆಟ್ಟು ರಿಪೇರಿ ಅಂಗಡಿಯವನು, ಇಬ್ಬರು ಮಕ್ಕಳ ತಂದೆ, ನೀತಾಳನ್ನು ಮಾಡಿಕೊಳ್ಳಲು ಒಪ್ಪಿದ್ದ. ನೀತಾ ದೀಪಾವಳಿಯ ತನಕ ಕೇಳಿಕೊಂಡಿದ್ದಳು. ಅಷ್ಟರಲ್ಲಿ ಪುಣೆಯಲ್ಲಿ ನೌಕರಿ ಹಿಡಿದರೆ ತನ್ನ ಪಾಡಿಗೆ ತಾನು, ಇಲ್ಲದಿದ್ದರೆ ಇಂಡಿ. ಮಾಂತು ಹೂಂ ಅಂದಿದ್ದ.

"ಅವ್ವಣ್ಣಗ ಪಂಪ್ ರಿಪೇರಿ ಬರ್ತದ, ನಿನಗ ಕಂಪ್ಯೂಟರ್ ರಿಪೇರಿ ಬಂದ್ರ ಜೋಡಿ ಭೇಷ ಆಗ್ತದ" ಎಂದು ಮಲಕಪ್ಪನ ಹೆಂಡತಿ ಸಾವಂತ್ರವ್ವ ಮೊದಲ ದಿನವೇ ಚುಚ್ಚಿದ್ದಳು.

"ರಿಪೇರಿ ಅಲ್ಲ ಚಿಗವ್ವ. ವೆಬ್‌ಸೈಟ್ ಮಾಡೂದು. ಮುಂದ ಕಾಣೂದೂ ನಾವ ಮಾಡೂದು, ಹಿಂದ ನಡಿಯೂದೂ ನಾವ ಮಾಡೂದು. ಫುಲ್ ಸ್ಟ್ಯಾಕ್ ಅಂತಾರ."

"ರೊಟ್ಟಿನೂ ಹಂಗ ಅದವಾ. ಎರಡೂ ಕಡೆ ಬೇಯಿಸಬೇಕು. ಅದಕ್ಕ ಯಾರೂ ಸರ್ಟಿಫಿಕೇಟ್ ಕೊಡೂದಿಲ್ಲ ಅಷ್ಟ."

ಕ್ಲಾಸು ಸೊಲ್ಲಾಪುರ ರಸ್ತೆಯಲ್ಲಿ ಒಂದು ಟಾಯರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಆರು ತಿಂಗಳ ಬೂಟ್‌ಕ್ಯಾಂಪು. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಸಂಜೆ ಐದರ ತನಕ. ಕಿಟಕಿ ತೆಗೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಕೆ. ಇಪ್ಪತ್ತಾರು ಜನ ಸೇರಿದ್ದರು, ನೀತಾಳನ್ನು ಬಿಟ್ಟರೆ ಎಲ್ಲರೂ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರು. ಮೇ ತಿಂಗಳಿಗೆ ಹದಿನಾಲ್ಕಾದರು. ಹೋದವರು ಯಾಕೆ ಹೋದರೆಂದು ಯಾರೂ ಕೇಳುತ್ತಿರಲಿಲ್ಲ. ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದನ್ನೇ ಬಿಟ್ಟಿವೆ, ಕೋಡನ್ನು ಈಗ ಯಂತ್ರವೇ ಬರೆಯುತ್ತದೆ ಎಂಬ ಮಾತು ಮೆಟ್ಟಿಲ ಮೇಲೆ ದಿನವೂ ಕೇಳುತ್ತಿತ್ತು.

ಕಲಿಸುವವನು ಹಾಸನದ ಕಡೆಯ ಪುನೀತ. ನೀತಾ ಕನ್ನಡದವಳೆಂದು ತಿಳಿದ ಮೇಲೆ ಅವಳ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದ. ನೀತಾಳ ಕಲಿಕೆ ನಿಧಾನ. ಹುಡುಗರು ಅರ್ಧ ತಾಸಿನಲ್ಲಿ ಮುಗಿಸಿದ್ದಕ್ಕೆ ಅವಳಿಗೆ ಎರಡು ದಿನ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಬಂದ ಪ್ರತಿ ತಪ್ಪನ್ನೂ ವಹಿಯಲ್ಲಿ ಬರೆದುಕೊಂಡು, ಅದರ ಪಕ್ಕಕ್ಕೆ ಏನು ಮಾಡಿದರೆ ಅದು ಹೋಯಿತೆಂದು ಬರೆಯುತ್ತಿದ್ದಳು. ಒಮ್ಮೆ ಮಾಡಿದ ತಪ್ಪನ್ನು ಮತ್ತೆ ಮಾಡುತ್ತಿರಲಿಲ್ಲ. ಇದನ್ನು ಪುನೀತ ಗಮನಿಸಿದ್ದ.

"ನೋಡಿ ನೀತಾ, ರೂಲ್ ಎಲ್ಲರಿಗೂ ಒಂದೇ" ಎಂದು ಜೂನಿನಲ್ಲಿ ಹೇಳಿದ. "ಪ್ರಾಜೆಕ್ಟ್ ನಿಜವಾಗ್ಲೂ ಯಾರಾದ್ರೂ ಯೂಸ್ ಮಾಡ್ತಿರ್ಬೇಕು. ಮಿನಿಮಮ್ ನೂರು ಜನ. ಇಲ್ಲಾಂದ್ರೆ ನಿಮ್ ಹೆಸ್ರು ಕಂಪನಿಗೆ ಕಳ್ಸೋಕಾಗಲ್ಲ. ಆಮೇಲೆ ಕೋಡೆಲ್ಲ ಗಿಟ್‌ಹಬ್ಬಲ್ಲಿ ಪಬ್ಲಿಕ್ಕಾಗಿ ಇರ್ಲಿ, ನೆಟ್ಟಲ್ಲಿ ಯಾರ್ ಬೇಕಾದ್ರೂ ನೋಡೋ ಹಾಗೆ. ದಿನಾ ಮಾಡಿದ್ದು ದಿನಾ ಹಾಕ್ಬೇಕು. ಇಲ್ಲಾಂದ್ರೆ ಎಐ ಹತ್ರ ಬರೆಸಿದಾರೆ ಅಂತಾರೆ."

ಹುಡುಗರು ಪಿಜ್ಜಾ ಅಂಗಡಿ, ಜಿಮ್ಮು ಎಂದು ಏನೇನೋ ಹಿಡಿದರು. ನೂರು ಜನ ಎಲ್ಲಿಂದ ತರುವುದೆಂದು ನೀತಾ ಎರಡು ದಿನ ಯೋಚಿಸಿದಳು. ಮೂರನೆಯ ದಿನ ರೊಟ್ಟಿ ತಿನ್ನುತ್ತಿದ್ದಾಗ ಕಾಕಾನ ನೋಟುಬುಕ್ಕು ಕಣ್ಣಿಗೆ ಬಿತ್ತು. ಯಾರೋ ಬಾರಾಮತಿಯವರು ನೋಡಿ ಹೋದದ್ದು, ಪಡಸಾಲೆಯಲ್ಲೇ ಇತ್ತು.

ಮಲಕಪ್ಪ ಕೂಡಲೇ ಒಪ್ಪಿದ. ಒಂದು ಕಣ್ಣಿನ ಪೊರೆ ತೆಗೆಸಿದ್ದರು, ಇನ್ನೊಂದು ಮಸುಕಾಗುತ್ತಿತ್ತು. ತನ್ನ ಅಕ್ಷರವೇ ತನಗೆ ಕಾಣುತ್ತಿರಲಿಲ್ಲ. "ಮಂದಿ ಇಲ್ಲಿ ತನಕ ಬರೂದು ತಪ್ತದ. ಮಾಡು." ಮಡಿಕೆಯನ್ನೇನು ಮಾಡುವುದು ಎಂದು ಅವಳು ಕೇಳಿದಾಗ ಮಾತ್ರ ನೋಟುಬುಕ್ಕು ಮುಚ್ಚಿ ಎದ್ದು ಹೋದ. ಎರಡು ದಿನ ಆ ವಿಷಯ ತೆಗೆಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಗಡ್ಡ ಕೆರೆಯುತ್ತ ಕೂತಿದ್ದವನು ಕನ್ನಡಿ ಕೆಳಗಿಟ್ಟ.

"ನಾ ಸತ್ತ ಮ್ಯಾಲ ಇವನ್ನ ಯಾರು ಹೇಳವ್ರು? ನಿನ್ನ ಚಿಗವ್ವಗ ಹೇಳಿದ್ರ ನೀರಿನ ನಳದ ಹತ್ರ ಹೇಳ್ತಾಳ."

ಒಳಗಿನಿಂದ ಸಾವಂತ್ರವ್ವ, "ನಿಮ್ಮ ಮಡಿಕಿ ಯಾವ ಮೂಲಿಗೆ ಅದಾವ ಅಂತ ನನಗ ಗೊತ್ತಿಲ್ಲಂತ ತಿಳದೀರೇನು?" ಅಂದಳು.

"ಬರಕೋ" ಎಂದ ಮಲಕಪ್ಪ. "ಬರಕೊಂಡು ಮಡಚಿ ಇಡು. ಹೆಂಗ ಹಾಳ್ಯಾಗ ಅದನೋ ಹಂಗ."

ನೀತಾ ಹಾಗೆಯೇ ಮಾಡಿದಳು. ಇನ್ನೂರ ಹನ್ನೆರಡು ಹಾಳೆಗಳನ್ನು ತಾನೇ ಕುಳಿತು ಟೈಪು ಮಾಡಿದಳು. ಮಡಿಕೆಗಳನ್ನು ಬಿಚ್ಚುವಾಗ ಮೊದಮೊದಲು ಕೈ ಹಿಂಜರಿಯುತ್ತಿತ್ತು; ಹತ್ತು ಇಪ್ಪತ್ತಾದ ಮೇಲೆ ಜೋಳ ಹಸನು ಮಾಡುವಾಗಿನ ಹಾಗೆ ಕೈ ತನ್ನಷ್ಟಕ್ಕೆ ಓಡಿತು. ತನ್ನ ಹಾಳೆಯೂ ಬಂತು. ಮಡಿಕೆಯಲ್ಲಿ ಕಾಕಾನ ಸಣ್ಣ ಅಕ್ಷರ: "ಹುಡುಗಿಯ ತಪ್ಪಿಲ್ಲ. ಅವನು ಹೊಡೆಯುತ್ತಿದ್ದ. ಎರಡು ಸಲ ಗರ್ಭ ಇಳಿದಿದೆ. ನಾನೇ ಹೇಳತಕ್ಕದ್ದು." ಆ ಹಾಳೆಯನ್ನೂ ಉಳಿದವುಗಳಂತೆಯೇ ಟೈಪು ಮಾಡಿ ಮುಂದಿನದನ್ನು ತಿರುವಿದಳು.

ಪರದೆಯ ಮೇಲೆ ಪ್ರತಿಯೊಬ್ಬರ ಪುಟದ ಕೆಳಗೆ ಬಲಕ್ಕೆ ಒಂದು ಸಣ್ಣ ತ್ರಿಕೋನ ಬಂತು. ಮಲಕಪ್ಪನ ಪಾಸ್‌ವರ್ಡ್ ಹಾಕಿ ಒಳಗೆ ಹೋದರೆ ಮಾತ್ರ ಅದು ತೆರೆಯುತ್ತಿತ್ತು. ಬೇರೆಯವರು ಎಷ್ಟು ಒತ್ತಿದರೂ ತೆರೆಯುತ್ತಿರಲಿಲ್ಲ. ಮಲಕಪ್ಪ ಮೊಬೈಲನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ಹತ್ತು ಸಲ ಒತ್ತಿ ನೋಡಿದ. ಸಾವಂತ್ರವ್ವನ ಕೈಗೆ ಕೊಟ್ಟು ಅವಳಿಂದ ಒತ್ತಿಸಿದ. ತೆರೆಯದಿದ್ದಾಗ ಹುಡುಗನ ಹಾಗೆ ನಕ್ಕ.

ಶ್ರಾವಣದ ಹೊತ್ತಿಗೆ ನೂರಾ ಅರವತ್ತು ಮನೆಗಳು ವೆಬ್‌ಸೈಟ್ ನೋಡುತ್ತಿದ್ದವು. ಪುನೀತ ಕ್ಲಾಸಿನಲ್ಲಿ ಎಲ್ಲರಿಗೂ ಅದನ್ನು ತೋರಿಸಿದ. ಇಬ್ಬರು ಮೂವರು ಹುಡುಗರು ಅವಳ ಕೋಡನ್ನು ಗಿಟ್‌ಹಬ್ಬಿನಿಂದ ತಮ್ಮ ಖಾತೆಗೆ ನಕಲು ಮಾಡಿಕೊಂಡರು. ಅವಳಿಗೆ ಹೆಮ್ಮೆಯೆನಿಸಿತು. ವಿಮಾನ ನಗರದ ಒಂದು ಕಂಪನಿ ಸಂದರ್ಶನಕ್ಕೆ ಹದಿನಾಲ್ಕರಲ್ಲಿ ಮೂವರ ಹೆಸರು ಕೇಳಿತ್ತು. ಅದರಲ್ಲಿ ನೀತಾಳದೂ ಒಂದು. ಸೆಪ್ಟೆಂಬರ್ ಮೂರನೆಯ ವಾರ ಎಂದರು. ಮಾಂತುವಿಗೆ ಫೋನು ಮಾಡಿ ಹೇಳಿದಳು. "ಆಗಲಿ ಬಿಡವಾ, ಛಲೋ ಆತು" ಎಂದು ಅವನು ಉಳ್ಳಾಗಡ್ಡಿ ಸಸಿಗೆ ನೀರು ಬಿಡುತ್ತಲೇ ಹೇಳಿದ.

ಸೆಪ್ಟೆಂಬರ್ ಹೊತ್ತಿಗೆ ಶಿರೂರಿನ ಬೀಜದ ಅಂಗಡಿಯ ಚನ್ನವೀರನ ಮಗಳು ರೇಣುಗೆ ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗ ಬಸವಪ್ರಭು, ವಿಮಾನ ನಗರದಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸ. ಎರಡು ಸಲ ಹೋಗಿ ಬಂದಾಗಿತ್ತು. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡುತ್ತಿದ್ದರು. ಸೋಮವಾರ ಹುಡುಗನ ಮನೆಗೆ ಹೋಗಿ ಮಡಿಕೆಯ ಮಾತು ಹೇಳಿ ಬರಬೇಕೆಂದು ಮಲಕಪ್ಪ ಧೋತರ ಒಗೆಸಿಟ್ಟಿದ್ದ.

ಶನಿವಾರ ಮಧ್ಯಾಹ್ನ ಹುಡುಗನ ತಾಯಿಯೇ ಬಂದಳು. ಒಬ್ಬಳೇ ರಿಕ್ಷಾ ಮಾಡಿಕೊಂಡು ಬಂದಿದ್ದಳು. ನೀರು ಕೊಟ್ಟರೆ ಮುಟ್ಟಲಿಲ್ಲ.

"ಹುಡುಗಿಗೆ ಫಿಟ್ಸ್ ಅದಾವಂತ ಯಾಕ ಹೇಳಲಿಲ್ರಿ ಮಲಕಪ್ಪನವ್ರ? ಎರಡ ಸಲ ನಮ್ಮ ಮನ್ಯಾಗ ಉಂಡು ಹೋಗೀರಿ."

ಮಲಕಪ್ಪ ಕೂತಲ್ಲೇ ಕೂತ. "ಯಾರ ಹೇಳಿದ್ರು?"

"ನೀವ ಹೇಳೀರಿ. ನಿಮ್ಮ ವೆಬ್‌ಸೈಟ್ ಹೇಳೇದ. ನನ್ನ ಮಗಾ ಓದಿ ತೋರಸಿದ. 'ಸಣ್ಣವಳಿದ್ದಾಗ ಫಿಟ್ಸ್ ಬರುತ್ತಿದ್ದವು, ಹನ್ನೆರಡರ ನಂತರ ಬಂದಿಲ್ಲ, ತಾಯಿಗೂ ಇತ್ತು.' ಇದು ನಿಮ್ಮ ಮಾತು ಹೌದಲ್ಲರಿ?"

"ನನ್ನ ಮಾತೇ" ಎಂದ ಮಲಕಪ್ಪ.

"ಸೋಮವಾರ ಬಂದು ಹೇಳಾವ ಇದ್ದೆ ಅನ್ನಬ್ಯಾಡ್ರಿ ಮತ್ತ."

ಅದನ್ನೇ ಹೇಳಲು ಬಾಯಿ ತೆರೆದಿದ್ದವನು ಮುಚ್ಚಿದ. ಆಕೆ ಎದ್ದು ಹೋದಳು. ನೀತಾ ಲ್ಯಾಪ್‌ಟಾಪು ಹಿಡಿದುಕೊಂಡು ಕ್ಲಾಸಿಗೆ ಓಡಿದಳು.

ಪುನೀತ ಅಲ್ಲೇ ಇದ್ದ. ಅವಳ ವೆಬ್‌ಸೈಟ್ ತೆರೆದು, ಮೌಸಿನ ಬಲಗುಂಡಿ ಒತ್ತಿ, ಪರದೆಯಲ್ಲಿ ಇನ್ನೊಂದು ಕಿಟಕಿ ತೆಗೆದ. ರೇಣುವಿನ ಪುಟದ ವಿವರಗಳೆಲ್ಲ ಸಾಲುಸಾಲಾಗಿ ಇದ್ದವು. ಹೆಸರು, ಎತ್ತರ, ಓದು, ಅದರ ಕೆಳಗೆ ಮಡಿಕೆಯ ಮಾತು. ಇನ್ನೂರ ಹನ್ನೆರಡು ಜನರದೂ ಹಾಗೇ.

"ನೀವು ಸ್ಕ್ರೀನಲ್ಲಿ ಹೈಡ್ ಮಾಡಿದೀರ ಅಷ್ಟೆ. ಸರ್ವರ್ ಎಲ್ಲಾರ್ಗೂ ಎಲ್ಲಾನೂ ಕಳಿಸ್ತಾ ಇದೆ. ನೋಡೋಕೆ ಗೊತ್ತಿರೋರು ಹಿಂದೆ ತೆಗೆದು ನೋಡ್ತಾರೆ. ಆ ಹುಡುಗ ಟೆಸ್ಟರ್ ಅಂದ್ರಲ್ಲ, ಅವ್ರಿಗೆ ಅದೇ ಅಭ್ಯಾಸ."

"ನಾನು ಮಡಚಿ ಇಟ್ಟಿದ್ದೆ ಸರ್."

"ಮಡಚೋದಲ್ಲ, ಕಳಿಸ್ಲೇಬಾರ್ದು."

ಅವಳ ಸರ್ವರಿನ ಕೋಡಿನಲ್ಲಿ ಒಂದು ಸಾಲು ಸೇರಿಸಿದ. ಹತ್ತು ನಿಮಿಷವೂ ಹಿಡಿಯಲಿಲ್ಲ. ಟೈಪು ಮಾಡಿದ ವಿವರದ ಕಡತವೂ ಕೋಡಿನ ಜೊತೆ ಗಿಟ್‌ಹಬ್ಬಿಗೆ ಹೋಗಿತ್ತು, ಅದನ್ನೂ ತೆಗೆದ. "ಇದು ತುಂಬಾ ಕಾಮನ್ ಮಿಸ್ಟೇಕ್. ಬೇಜಾರ್ ಮಾಡ್ಕೋಬೇಡಿ. ಇಂಟರ್‌ವ್ಯೂನಲ್ಲಿ ಇದನ್ನೇ ಹೇಳಿ. ನಿಮ್ಮ ದೊಡ್ಡ ತಪ್ಪು ಯಾವ್ದು ಅಂತ ಗ್ಯಾರಂಟಿ ಕೇಳ್ತಾರೆ. ಒಳ್ಳೆ ಸ್ಟೋರಿ ಇದು."

ಅವಳು ವಹಿಯಲ್ಲಿ ಆ ತಪ್ಪನ್ನು ಬರೆದುಕೊಳ್ಳಲಿಲ್ಲ.

ಭಾನುವಾರ ಮಲಕಪ್ಪ ಶಿರೂರಿಗೆ ಹೊರಟ. ಬರಬೇಡವೆಂದರೂ ನೀತಾ ಜೊತೆಗೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಆತ ಕಿಟಕಿಯಾಚೆ ನೋಡುತ್ತ ಕೂತ. ಬೈದಿದ್ದರೆ ಒಳ್ಳೆಯದಿತ್ತು. ಕೊರೆಗಾಂವ್ ದಾಟಿದ ಮೇಲೆ ಒಮ್ಮೆ ಮಾತ್ರ, "ನನಗೂ ಅಷ್ಟ ತಿಳೀತು. ಹಾಳಿ ಇದ್ದಂಗ ಅಂತ ತಿಳದೆ" ಎಂದ.

ಚನ್ನವೀರನ ಅಂಗಡಿಯ ಮೇಲೆಯೇ ಮನೆ. ಚನ್ನವೀರ ಇಬ್ಬರಿಗೂ ಚಹಾ ತರಿಸಿದ. ಮಲಕಪ್ಪ ಕೈ ಮುಗಿಯಹೋದರೆ ಹಿಡಿದುಕೊಂಡ.

"ನೀವು ದೊಡ್ಡವ್ರು. ಬಿಡ್ರಿ. ಹುಡುಗ ಒಲ್ಲೆ ಅಂದಿಲ್ಲಂತ. ಅವನ ತಾಯಿ ಕೇಳೂದಿಲ್ಲ."

"ನಾ ಹೋಗಿ ಕೂತು ಹೇಳ್ತೀನಿ."

"ಯಾರ ಯಾರಿಗೆ ಹೇಳ್ತೀರಿ? ನಮ್ಮವ್ರ ವಾಟ್ಸ್ಆ್ಯಪ್ ಗುಂಪಿನಾಗ ಅದರ ಫೋಟೋ ಬಂದದ, ಇನ್ನೂ ಎಷ್ಟೋ ಮಂದೀದೂ ಬಂದಾವ. ನಿನ್ನಿ ಅಂಗಡಿಗೆ ಗೊಬ್ಬರ ಒಯ್ಯಲಿಕ್ಕೆ ಬಂದಾವ ಕೇಳಿದ, ರೇಣು ಹೆಂಗದಾಳ ಅಂತ. ಹುಷಾರಿಲ್ಲದವ್ರನ್ನ ಕೇಳಿದಂಗ ಕೇಳಿದ." ಚನ್ನವೀರ ಚಹಾದ ಬಟ್ಟಲನ್ನು ಅಂಗೈಯಲ್ಲಿ ತಿರುಗಿಸಿದ. "ಅಕಿ ತಾಯಿ ಹೋಗಿ ಒಂಬತ್ತು ವರ್ಷ ಆತ್ರಿ. ಅಕೀದೂ ಬಂತಲ್ಲ ಅದ್ರಾಗ."

ರೇಣು ಒಳಗೆ ಅಕ್ಕಿ ಆರಿಸುತ್ತಿದ್ದಳು. ಇಪ್ಪತ್ತೈದರ ಹುಡುಗಿ, ತಾಲೂಕಿನ ಬ್ಯಾಂಕಿನಲ್ಲಿ ಕೆಲಸ, ಸ್ಕೂಟರಿನ ಮೇಲೆ ಊರೆಲ್ಲ ತಿರುಗುವವಳು. ನೀತಾ ಎದುರಿಗೆ ಕೂತಳು. ರೇಣು ಮೊರವನ್ನು ಕೆಳಗಿಡಲಿಲ್ಲ.

"ಅಕ್ಕಾ, ನಿನ್ನ ವೆಬ್‌ಸೈಟ್ ಭಾಳ ಫಾಸ್ಟ್ ಅದ ನೋಡು. ನನಗ ಫಿಟ್ಸ್ ಬಂದಿದ್ದು ನನಗ ನೆನಪಿರಲಿಲ್ಲ. ಈಗ ಊರಿಗೆಲ್ಲಾ ನೆನಪಾತು."

"ನನಗ ತಿಳೀಲಿಲ್ಲ ರೇಣು. ನಂದೂ ಬಂದದ ಅದ್ರಾಗ."

"ನಿಂದು ಓದೀನಿ." ಒಂದು ಹರಳು ಆರಿಸಿ ಪಕ್ಕಕ್ಕೆ ಹಾಕಿದಳು. "ನಿನಗ ಹೆಂಗೂ ನೌಕರಿ ಸಿಗ್ತದಂತಲ್ಲ."

ಹೊರಡುವಾಗ ರೇಣು ಹೊರಗೆ ಬರಲಿಲ್ಲ.

ಆ ವಾರವಿಡೀ ಮಲಕಪ್ಪನ ಮನೆಗೆ ಜನ ಬರುತ್ತಲೇ ಇದ್ದರು. ಯಾರೂ ಜಗಳ ತೆಗೆಯಲಿಲ್ಲ. ಬಂದು ಕೂತು, ಮಳೆ ಬೆಳೆ ಮಾತಾಡಿ, ಆಮೇಲೆ "ನಮ್ಮ ಹಾಳಿ ಕೊಟ್ಟುಬಿಡ್ರಿ" ಅನ್ನುತ್ತಿದ್ದರು. ಮಲಕಪ್ಪ ನೋಟುಬುಕ್ಕು ತೆಗೆದು, ಹಾಳೆ ಹರಿದು, ಮಡಿಕೆ ಸರಿಮಾಡಿ ಕೈಗೆ ಕೊಡುತ್ತಿದ್ದ. ಬರಲಾರದವರು ಫೋನು ಮಾಡಿ ಸುಟ್ಟುಬಿಡಿ ಎಂದರು. ಶುಕ್ರವಾರದ ಹೊತ್ತಿಗೆ ನೋಟುಬುಕ್ಕುಗಳಲ್ಲಿ ರಟ್ಟು, ಹೊಲಿಗೆಯ ದಾರ ಮತ್ತು ಅಷ್ಟಿಷ್ಟು ಹಾಳೆ ಉಳಿದಿದ್ದವು. ಸಾವಂತ್ರವ್ವ ಕೂಡ ಮಾತು ಕಡಿಮೆ ಮಾಡಿದ್ದಳು. ಬಂದವರಿಗೆ ಚಹಾ ಮಾಡಿ ಮಾಡಿ, "ಇಷ್ಟು ಚಹಾ ಲಗ್ನ ಕೂಡಿಸುವಾಗೂ ಖರ್ಚಾಗಿದ್ದಿಲ್ಲ" ಎಂದು ಒಮ್ಮೆ ಅಂದಳು, ಅಷ್ಟೆ.

ಇಂಡಿಯಿಂದಲೂ ಫೋನು ಬಂತು. ಅವ್ವಣ್ಣನ ಅಕ್ಕ. ನೀತಾಳದನ್ನು ಓದಿದ್ದರಂತೆ. ಅವ್ವಣ್ಣನಿಗೆ ಮಕ್ಕಳು ಇದ್ದೇ ಇವೆ, ಇನ್ನು ಬೇಕೆಂದೇನಿಲ್ಲ, ತಮ್ಮದೇನೂ ತಕರಾರಿಲ್ಲ ಎಂದಳಂತೆ. ಮಲಕಪ್ಪ ಇದನ್ನು ನೀತಾಳಿಗೆ ಹೇಳುವಾಗ ಗೋಡೆಯ ಕಡೆ ನೋಡುತ್ತಿದ್ದ.

"ಒಳ್ಳೆ ಮಂದಿ" ಎಂದ.

"ಹೌದ್ರಿ ಕಾಕಾ" ಎಂದಳು ನೀತಾ. "ನನ್ನ ಇಂಟರ್‌ವ್ಯೂ ಮಂಗಳವಾರ ಅದ."

"ಹೋಗಿ ಬಾ. ಅದಾದ್ರೂ ಆಗಲಿ."

ವಿಮಾನ ನಗರದ ಆ ಆಫೀಸು ಏಳನೆಯ ಮಹಡಿಯಲ್ಲಿತ್ತು. ತಣ್ಣಗಿತ್ತು. ಜೊತೆಗೆ ಬಂದಿದ್ದ ಇಬ್ಬರು ಹುಡುಗರು ಒಬ್ಬರ ಹಿಂದೊಬ್ಬರು ಒಳಗೆ ಹೋಗಿ ಬೇಗ ಹೊರಗೆ ಬಂದರು. ನೀತಾಳನ್ನು ಕರೆದಾಗ ಊಟದ ಹೊತ್ತಾಗಿತ್ತು. ಸಂದರ್ಶನ ಮಾಡಿದವರು ಮೋಹನದಾಸ್ ಎಂಬ ಐವತ್ತರ ಹತ್ತಿರದವರು. ಅವಳ ಇಂಗ್ಲಿಷು ತಡವರಿಸುವುದನ್ನು ನೋಡಿ ತಾವೇ ಮರಾಠಿಗೆ ಬಂದರು. ಕೇಳಿದ್ದಕ್ಕೆಲ್ಲ ಅವಳು ನಿಧಾನವಾಗಿ ಉತ್ತರ ಕೊಟ್ಟಳು. ತಪ್ಪುಗಳನ್ನು ಬರೆದಿಡುವ ವಹಿಯನ್ನು ನೋಡಿ ಅವರು ನಾಲ್ಕೈದು ಪುಟ ಓದಿದರು. "ಇಂಥದ್ದನ್ನು ನಾನು ಯಾರ ಕೈಯಲ್ಲೂ ನೋಡಿಲ್ಲ" ಅಂದರು. ಅವಳಿಗೆ ಒಂದು ಗಳಿಗೆ ನೌಕರಿ ಸಿಕ್ಕಿತೇನೋ ಅನ್ನಿಸಿತು.

ಆಮೇಲೆ ಪುನೀತ ಹೇಳಿದ ಪ್ರಶ್ನೆ ಬಂತು. ಇಲ್ಲಿಯ ತನಕ ಮಾಡಿದ ದೊಡ್ಡ ತಪ್ಪು ಯಾವುದು?

ಅವಳು ಹೇಳಿದಳು. ಹೆಸರು ಹೇಳಲಿಲ್ಲ, ರೋಗ ಹೇಳಲಿಲ್ಲ. ಗುಟ್ಟಿನ ಮಾತನ್ನು ಪರದೆಯ ಮೇಲೆ ಮುಚ್ಚಿದ್ದೆ, ಸರ್ವರ್ ಕಳಿಸುತ್ತಿತ್ತು, ಒಬ್ಬರ ಮದುವೆ ಮುರಿಯಿತು ಎಂದಷ್ಟೇ ಹೇಳಿದಳು. ಮೋಹನದಾಸ್ ತಲೆದೂಗಿದರು. ಸರಿಪಡಿಸುವ ಮೊದಲು ಕೋಡು ಹೇಗಿತ್ತು ನೋಡೋಣ ಎಂದು ತಮ್ಮ ಕಂಪ್ಯೂಟರಿನಲ್ಲಿ ಅವಳ ಗಿಟ್‌ಹಬ್ ತೆರೆದರು. ಅಲ್ಲಿ ಇವತ್ತಿನ ಕೋಡಿನ ಜೊತೆಗೆ ಜೂನಿನಿಂದ ದಿನದಿನ ಬದಲಾದದ್ದೆಲ್ಲ ಒಂದರ ಕೆಳಗೊಂದು ಇತ್ತು. ಅವರು ಕೆಳಗೆ ಕೆಳಗೆ ಹೋದರು. ಮೊದಲ ವಾರದ ಒಂದು ಸಾಲನ್ನು ಒತ್ತಿದರು.

ಪರದೆ ತುಂಬ ಕನ್ನಡದ ಅಕ್ಷರಗಳು ಬಂದವು.

ಪುನೀತ ತೆಗೆದುಹಾಕಿದ್ದ ಕಡತ. ತೆಗೆದದ್ದು ಇವತ್ತಿನ ಕೋಡಿನಿಂದ ಮಾತ್ರ. ಇನ್ನೂರ ಹನ್ನೆರಡು ಜನರ ಮಡಿಕೆ ಹಳೆಯ ದಿನದಲ್ಲಿ ಹಾಗೆಯೇ ಇತ್ತು, ಜಗತ್ತಿನ ಯಾರು ಬೇಕಾದರೂ ತೆರೆದು ಓದುವಂತೆ. ಮೋಹನದಾಸ್ ಕನ್ನಡಕ ಮೇಲೇರಿಸಿದರು.

"ಇದು ಕನ್ನಡವೇ? ನನಗೆ ಬರುವುದಿಲ್ಲ. ಏನು ಬರೆದಿದೆ?"

ಪರದೆಯ ಮೇಲೆ ಬಾರಾಮತಿಯ ಒಂದು ಹುಡುಗಿಯ ಹೆಸರಿತ್ತು. ಅವಳ ಅಪ್ಪ ಅವಳ ಸ್ವಂತ ಅಪ್ಪನಲ್ಲ ಎಂದಿತ್ತು.

"ಸರ್, ಅದನ್ನು ಮುಚ್ಚಿಬಿಡಿ" ಎಂದಳು ನೀತಾ.

ಅವರು ಮುಚ್ಚಿದರು. ಒಳ್ಳೆಯ ಮನುಷ್ಯ. "ನಮ್ಮದು ಆಸ್ಪತ್ರೆಗಳ ದಾಖಲೆ ಇಡುವ ಕಂಪನಿ, ಗೊತ್ತಲ್ಲ?" ಎಂದು ಮೆಲ್ಲಗೆ ಕೇಳಿದರು. ವಹಿಯನ್ನು ಎರಡೂ ಕೈಯಿಂದ ವಾಪಸು ಕೊಟ್ಟರು.

ಕೆಳಗೆ ಬಂದು, ಕಟ್ಟಡದ ನೆರಳಿನಲ್ಲಿ ಕಟ್ಟೆಯ ಮೇಲೆ ಕೂತು ಪುನೀತನಿಗೆ ಫೋನು ಮಾಡಿದಳು.

"ಅಯ್ಯೋ ಹೌದು, ಹಿಸ್ಟರಿ ಕ್ಲೀನ್ ಮಾಡ್ಬೇಕಿತ್ತು. ನಂದೂ ತಪ್ಪು. ಎರಡು ದಿನ ಟೈಮ್ ಕೊಡಿ ನೀತಾ, ಕೂತ್ಕೊಂಡು ಮಾಡ್ತೀನಿ."

"ಎರಡು ದಿನ ಅದು ಹಂಗೇ ಇರ್ತದೇನ್ರಿ?"

"ಇಷ್ಟ್ ದಿನ ಇತ್ತಲ್ಲ."

"ಈಗಿಂದೀಗ ತೆಗಿಬೇಕಾದ್ರ?"

"ಪೂರ್ತಿ ಡಿಲೀಟ್ ಮಾಡ್ಬಹುದು. ಆದ್ರೆ ನಿಮ್ ಇಷ್ಟು ತಿಂಗಳ ಕೆಲಸಕ್ಕೆ ಇರೋ ಪ್ರೂಫ್ ಅದೊಂದೇ. ಹೊಸದಾಗಿ ಹಾಕಿದ್ರೆ ಒಂದೇ ದಿನದಲ್ಲಿ ಬಂದಿದ್ದು ಅಂತ ತೋರ್ಸುತ್ತೆ. ಸೈಟೂ ಯಾರೂ ಯೂಸ್ ಮಾಡ್ತಿಲ್ಲ ಈಗ. ನಿಮ್ ಹೆಸ್ರು ಮುಂದೆ ಕಳ್ಸೋದು ನಂಗೆ ಕಷ್ಟ ಆಗುತ್ತೆ." ಆತ ತಡೆದ. "ಇನ್ನೊಂದು ಹೇಳ್ಬೇಕು. ಕ್ಲಾಸಲ್ಲಿ ಮೂರು ಜನ ಕಾಪಿ ಮಾಡ್ಕೊಂಡಿದ್ರಲ್ಲ, ನಿಮ್ದು ಡಿಲೀಟ್ ಆದ್ರೂ ಅವ್ರ ಹತ್ರ ಉಳಿಯುತ್ತೆ. ಅವ್ರೇ ತೆಗೀಬೇಕು."

ಮೂವರಿಗೂ ಅಲ್ಲಿಂದಲೇ ಫೋನು ಮಾಡಿದಳು. ಇಬ್ಬರು ತೆಗೆಯುತ್ತೇವೆಂದರು, ಅವರಲ್ಲೊಬ್ಬ ಅವಳು ಕೇಳುತ್ತಿರುವಾಗಲೇ ತೆಗೆದ. ಮೂರನೆಯವನು ಭುಜಂಗ, ಆಗಸ್ಟಿನಲ್ಲೇ ಕ್ಲಾಸು ಬಿಟ್ಟು ನಾಂದೇಡಿನ ಕಡೆ ಊರಿಗೆ ಹೋದವನು. ಅವನ ನಂಬರು ಚಾಲ್ತಿಯಲ್ಲಿರಲಿಲ್ಲ. ಗೊತ್ತಿದ್ದವರನ್ನೆಲ್ಲ ಕೇಳಿದಳು. ಅಪ್ಪನ ಜೊತೆ ಹೊಲ ಮಾಡುತ್ತಾನಂತೆ, ಕಂಪ್ಯೂಟರು ಮಾರಿದನಂತೆ ಎಂದರು.

ಮನೆಗೆ ಬಂದಾಗ ನಾಲ್ಕು ಗಂಟೆ. ಮಲಕಪ್ಪ ಮಲಗಿರಲಿಲ್ಲ, ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದ.

"ಏನಂದ್ರು?"

"ಆಗೂದಿಲ್ಲ ಅಂದ್ರು."

ಸಾವಂತ್ರವ್ವ ಒಳಗಿನಿಂದ ಬಂದು ಅವಳ ಮುಖ ನೋಡಿದಳು. "ಉಂಡಿಲ್ಲಲ್ಲ ನೀ" ಎಂದು ಒಳಕ್ಕೆ ಹೋದಳು.

ಗಿಟ್‌ಹಬ್ಬಿನಲ್ಲಿ ಉಳಿದಿದ್ದ ಹಳೆಯ ದಿನಗಳ ವಿಷಯವನ್ನೂ ಭುಜಂಗನ ವಿಷಯವನ್ನೂ ನೀತಾ ಕಾಕಾನಿಗೆ ಹೇಳಿದಳು. ಎಷ್ಟು ಅರ್ಥವಾಯಿತೋ. "ಅಂದ್ರ ಇನ್ನೂ ಎಲ್ಲೋ ಅದ" ಎಂದ. "ಹೌದ್ರಿ" ಎಂದಳು. ಆತ ಹಣೆಯನ್ನು ಅಂಗೈಯಿಂದ ಒರೆಸಿಕೊಂಡ.

ಅವಳು ಲ್ಯಾಪ್‌ಟಾಪು ತೆಗೆದು ಕೂತಳು. ಅಳಿಸುವ ಗುಂಡಿ ಗಿಟ್‌ಹಬ್ ಪುಟದ ಎಲ್ಲಕ್ಕಿಂತ ಕೆಳಗೆ ಕೆಂಪು ಚೌಕದಲ್ಲಿತ್ತು. ಒತ್ತಿದರೆ, ಇದನ್ನು ವಾಪಸು ತರಲಾಗುವುದಿಲ್ಲ, ಖಚಿತವಿದ್ದರೆ ಪ್ರಾಜೆಕ್ಟಿನ ಹೆಸರನ್ನು ನಿಮ್ಮ ಕೈಯಾರೆ ಟೈಪು ಮಾಡಿ ಎಂದು ಕೇಳಿತು. ಜೂನಿನಲ್ಲಿ ಅದಕ್ಕೆ ಕಾಕಾನ ಹೆಸರನ್ನೇ ಇಟ್ಟಿದ್ದಳು. ಇಂಗ್ಲಿಷಿನ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಕ್ಲಾಸಿಗೆ ಸೇರಿದ ಹೊಸತರಲ್ಲೂ ಅವಳು ಇಷ್ಟು ನಿಧಾನ ಅಕ್ಷರ ಹುಡುಕಿ ಒತ್ತಿರಲಿಲ್ಲ. ಪುಟ ಖಾಲಿಯಾಯಿತು. ಅವಳ ಹೆಸರಿನ ಕೆಳಗೆ ಈಗ ಏನೂ ಇರಲಿಲ್ಲ.

ಸಾವಂತ್ರವ್ವ ತಾಟು ತಂದಿಟ್ಟಳು. ಎರಡು ತುತ್ತು ತಿಂದು, ಅವಳು ಮಾಂತುವಿಗೆ ಫೋನು ಹಚ್ಚಿದಳು. ಅವನು ಹೊಲದಲ್ಲಿದ್ದ. ಗಾಳಿಯ ಸದ್ದು ಕೇಳಿಸುತ್ತಿತ್ತು.

"ಅಣ್ಣಾ, ದೀಪಾವಳಿ ತನಕ ಕಾಯೂದು ಬ್ಯಾಡ."

ಮಾಂತುವಿಗೆ ತಿಳಿಯಿತು. "ಇಂಡಿಯವ್ರಿಗೆ ಬಾ ಅನ್ನಲೇನು ಹಂಗಾದ್ರ? ರವಿವಾರ?"

"ಅನ್ನು."

"ಶನಿವಾರ ಬರ್ತೀನಿ ಕರಕೊಂಡು ಹೋಗಲಿಕ್ಕೆ. ನಸುಕಿನ್ಯಾಗ ಬರ್ತೀನಿ. ಉಳ್ಳಾಗಡ್ಡಿ ಸಸಿ ಹಚ್ಚೂ ಹೆಣ್ಣಾಳು ಸಿಗವಲ್ರು, ವಾಪಸ್ ಬಂದು ನೀರ ಬಿಡಬೇಕು."

"ನಾನೂ ಹಚ್ತೀನಿ" ಎಂದಳು ನೀತಾ. "ರವಿವಾರ ಅವ್ರು ಬರೂದ್ರಾಗ ಎರಡು ಮಡಿ ಆಗ್ತಾವ."